ಹಂಚಿಹೋದ ಭಂಡಾರ

ನಮ್ಮ ನಾಡಿನ ಕೈಫಿಯತ್ತುಗಳನ್ನು ಓದುವಾಗಲೆಲ್ಲ ಅವನ್ನು ಬರೆಯಿಸಿ ಕೂಡಿಸಿದ ಕರ್ನಲ್ ಕಾಲಿನ್ ಮೆಕೆಂಜಿ ನನಗೆ ನೆನಪಾಗುತ್ತಾನೆ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1754ರಲ್ಲಿ ಹುಟ್ಟಿದ ಈತನು 1783ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೇವೆಗಾಗಿ ಮದರಾಸಿಗೆ ಬಂದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಮೈಸೂರು ಸೀಮೆಯ ಮೋಜಣಿ ಆತನ ಪಾಲಿಗೆ ಬಂದಿತು. ನೆಲವನ್ನು ಅಳೆಯುತ್ತಲೇ ಆತನು ಆ ನೆಲದ ನೆನಪುಗಳನ್ನೂ ಸಂಗ್ರಹಿಸತೊಡಗಿದನು.

ದೇಶಭಾಷೆಗಳು ಆತನಿಗೆ ತಿಳಿಯವು. ಆ ಕೊರತೆಯನ್ನು ನೀಗಿಸಿದವರು ಕಾವಲಿ ವೆಂಕಟ ಬೊರಯ್ಯ, ಆತನ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು. 1803ರಲ್ಲಿ ಬೊರಯ್ಯ ತೀರಿಕೊಳ್ಳಲು ಲಕ್ಷ್ಮಯ್ಯನು ಆ ಹೊರೆಯನ್ನು ಹೊತ್ತನು. ಇವರು ಊರೂರು ಸುತ್ತಿ ಓಲೆ, ಕಡತ, ಶಾಸನಗಳ ಪ್ರತಿಗಳನ್ನು ತಂದರು.

1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಮೆಕೆಂಜಿ, ಸಂಗ್ರಹದ ಪಟ್ಟಿಯನ್ನು ಸಿದ್ಧಗೊಳಿಸುವ ಮುನ್ನವೇ 1821ರಲ್ಲಿ ಕಲ್ಕತ್ತೆಯ ಬಳಿ ಕಾಲವಾದನು. ಆತನ ವಿಧವೆಯಿಂದ ಕಂಪೆನಿ ಸಂಗ್ರಹವನ್ನು ಕೊಂಡುಕೊಂಡಿತು. 1828ರಲ್ಲಿ ವಿಲ್ಸನ್ ಪ್ರಕಟಿಸಿದ ಪಟ್ಟಿಯಲ್ಲಿ 1,568 ಗ್ರಂಥಗಳೂ 2,070 ಸ್ಥಳವೃತ್ತಾಂತಗಳೂ 8,076 ಶಾಸನಗಳೂ ಸೇರಿದ್ದವು. ಪಟ್ಟಿಯೇನೋ ಒಂದಾಯಿತು, ಭಂಡಾರ ಒಡೆಯಿತು. ಒಂದು ಪಾಲು ಲಂಡನ್ನಿಗೆ ಹೋಯಿತು, ದಕ್ಷಿಣದ ಭಾಷೆಗಳ ಪಾಲು ಮದರಾಸಿಗೆ ಬಂದಿತು. ಕೆಲವೇ ವರ್ಷಗಳಲ್ಲಿ ಮದರಾಸಿನ ಕಾಗದಗಳನ್ನು ಹುಳು ತಿಂದಿತು, ಮಸಿ ಮಾಸಿತು. ವಿಲಿಯಂ ಟೇಲರನು ಹಲವನ್ನು ಮರಳಿ ಪ್ರತಿ ಮಾಡಿಸಬೇಕಾಯಿತು. ಕೆಲಸವನ್ನು ಮುಂದುವರಿಸಲು ಲಕ್ಷ್ಮಯ್ಯನು ಅನುಮತಿ ಬೇಡಿದಾಗ ಭಾರತೀಯನಿಗೆ ಅದು ಸಾಧ್ಯವೇ ಎಂಬ ಸಂಶಯ ಮುಂದೆ ಬಂದಿತು. ಭಂಡಾರದ ಮರ್ಮವನ್ನು ಬಲ್ಲವನೇ ಅದರ ಹೊರಗುಳಿದನು.

ಇಂದು ಆ ಪಾಲುಗಳು ಬ್ರಿಟಿಷ್ ಲೈಬ್ರರಿಯಲ್ಲಿಯೂ ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿಯೂ ಇವೆ. ಮೂಲವನ್ನು ಕದಲಿಸದೆ ಡಿಜಿಟಲ್ ಪ್ರತಿಗಳ ಮೂಲಕ ಅವನ್ನು ಒಂದೆಡೆ ಕಾಣಿಸುವ ಉಪಾಯ ಈಗ ನಮಗಿದೆ. ಆದರೆ ಒಂದೊಂದು ಗ್ರಂಥಾಲಯವೂ ತನ್ನ ಪಾಡಿಗೆ ಚಿತ್ರ ತೆಗೆದಿಟ್ಟರೆ ಹಳೆಯ ಒಡಕು ಹೊಸ ರೂಪದಲ್ಲಿ ಉಳಿದೀತು. ಎರಡು ಕಡೆಗೂ ಒಪ್ಪಿಗೆಯಾದ ಒಂದು ಪಟ್ಟಿ ಬೇಕು. ಯಾವ ಪ್ರತಿಗೆ ಯಾವ ಮೂಲ, ಯಾವ ಅನುವಾದಕ್ಕೆ ಯಾವ ಕೈಫಿಯತ್ತು ಎಂಬುದು ಅದರಲ್ಲಿ ತಿಳಿಯಬೇಕು. ತಂದವನ ಹೆಸರೂ ಇರಬೇಕು. ಚಿತ್ರವಿದೆಯೆಂದು ಮೂಲವನ್ನು ಕಡೆಗಣಿಸಲಾಗದು. ಡಿಜಿಟಲ್ ಪ್ರತಿಯನ್ನೂ ಕಾಲಕಾಲಕ್ಕೆ ಹೊಸ ಸಾಧನಕ್ಕೆ ಸಾಗಿಸದಿದ್ದರೆ ಅದೂ ಮಾಸಿದ ಮಸಿಯ ಹಾದಿಯನ್ನೇ ಹಿಡಿಯುತ್ತದೆ.

ಮೆಕೆಂಜಿ ಒಬ್ಬನೇ ಕೂಡಿಸಲಿಲ್ಲ. ಒಬ್ಬರೇ ಕಾಯುವುದೂ ಆಗದೆಂದು ನನಗೆ ತೋರುತ್ತದೆ.