ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದರೇ? ತಾರೀಖುಗಳ ಹಿಂದಿನ ಅಸಲಿ ಲೆಕ್ಕ

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುವ ಒಂದು ಸಂದೇಶ ನಿಮಗೂ ಬಂದಿರಬಹುದು. ಗೆಲಿಲಿಯೋ ತೀರಿಕೊಂಡದ್ದು 1642ರಲ್ಲಿ, ಐಸಾಕ್ ನ್ಯೂಟನ್ ಹುಟ್ಟಿದ್ದೂ 1642ರಲ್ಲೇ. ಗೆಲಿಲಿಯೋ ಸತ್ತು ಸರಿಯಾಗಿ 300 ವರ್ಷಕ್ಕೆ ಸ್ಟೀಫನ್ ಹಾಕಿಂಗ್ ಹುಟ್ಟಿದರು. ಹಾಕಿಂಗ್ ತೀರಿಕೊಂಡದ್ದು ಐನ್‌ಸ್ಟೈನ್ ಹುಟ್ಟಿದ ದಿನ. ಹಾಗಾಗಿ ಒಂದೇ ಆತ್ಮ ಬೇರೆ ಬೇರೆ ದೇಹಗಳಲ್ಲಿ ಬರುತ್ತಿದೆ ಎಂಬುದು ಸಂದೇಶದ ತೀರ್ಮಾನ. ಈ ಸರಪಳಿಯಲ್ಲಿ ಮುಖ್ಯ ಕೊಂಡಿ ನ್ಯೂಟನ್. ಅವರ ಬದುಕನ್ನೇ ತಾರೀಖು ಸಮೇತ ಒಮ್ಮೆ ನೋಡೋಣ. ನ್ಯೂಟನ್ ಕೂಡ ತಾರೀಖುಗಳ ಹುಚ್ಚು ಹಚ್ಚಿಕೊಂಡಿದ್ದವರೇ. ಅದು ಆಮೇಲೆ.

ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ವೂಲ್ಸ್‌ತೋರ್ಪ್ ಎಂಬ ಹಳ್ಳಿ. ಅಲ್ಲಿನ ಒಂದು ರೈತ ಮನೆಯಲ್ಲಿ 1642ರ ಡಿಸೆಂಬರ್ 25ರಂದು, ದಿನ ತುಂಬುವ ಮೊದಲೇ ಒಂದು ಗಂಡುಮಗು ಹುಟ್ಟಿತು. ಮಗುವಿನ ತಂದೆ ಸುಮಾರು ಮೂರು ತಿಂಗಳ ಹಿಂದಷ್ಟೇ ತೀರಿಕೊಂಡಿದ್ದರು. ಒಂದು ಲೀಟರಿನ ಪಾತ್ರೆಯಲ್ಲಿ ಇಡಬಹುದಾದಷ್ಟು ಸಣ್ಣ ಕೂಸಾಗಿದ್ದೆ ಎಂದು ನ್ಯೂಟನ್ ಮುಪ್ಪಿನಲ್ಲಿ ನೆನೆಸಿಕೊಳ್ಳುತ್ತಿದ್ದರು. ಬದುಕುವುದೇ ಅನುಮಾನವಾಗಿದ್ದ ಆ ಮಗುವಿಗೆ ಒಂದು ವಾರ ಕಳೆದು, ಜನವರಿ 1ರಂದು ಜ್ಞಾನಸ್ನಾನ ಆಯಿತು. ವಿಶೇಷ ಏನೆಂದರೆ, ಆ ದಿನವೂ ಇಂಗ್ಲೆಂಡಿನಲ್ಲಿ ಇನ್ನೂ 1642ನೇ ಇಸವಿಯೇ ನಡೆಯುತ್ತಿತ್ತು!

ಇದು ಹೇಗೆ? ಆಗ ಇಂಗ್ಲೆಂಡಿನಲ್ಲಿ ಅಧಿಕೃತವಾಗಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಯುಗಾದಿಗೆ ಸಂವತ್ಸರ ಬದಲಾಗುವುದನ್ನು ಕಂಡ ನಮಗೆ ಇದೇನೂ ವಿಚಿತ್ರವಲ್ಲ. ಇನ್ನೊಂದು ತೊಡಕೂ ಇತ್ತು. ಜೂಲಿಯನ್ ಎಂಬ ಹಳೆಯ ಕ್ಯಾಲೆಂಡರಿನಲ್ಲಿ ವರ್ಷದ ಉದ್ದ ನಿಜಕ್ಕಿಂತ ಸುಮಾರು 11 ನಿಮಿಷ ಹೆಚ್ಚು. ಶತಮಾನಗಳು ಉರುಳಿದಂತೆ ಅದು ಹತ್ತು ದಿನದಷ್ಟು ಹಿಂದೆ ಬಿತ್ತು. 1582ರಲ್ಲಿ ಪೋಪ್ 13ನೇ ಗ್ರೆಗರಿ ಇದನ್ನು ಸರಿಪಡಿಸಿದರು. ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಎಂದಾಯಿತು. ಇಟಲಿ ಇದನ್ನು ಕೂಡಲೇ ಒಪ್ಪಿತು. ಪೋಪರೊಂದಿಗೆ ಸಂಬಂಧ ಕಡಿದುಕೊಂಡಿದ್ದ ಇಂಗ್ಲೆಂಡ್ ಒಪ್ಪಿದ್ದು 1752ರಲ್ಲಿ.

ಈಗ ಫಾರ್ವರ್ಡ್‌ಗೆ ಬರೋಣ. ಗೆಲಿಲಿಯೋ ಇಟಲಿಯ ಆರ್ಚೆತ್ರಿಯಲ್ಲಿ ತೀರಿಕೊಂಡದ್ದು 1642ರ ಜನವರಿ 8ರಂದು. ಇದು ಹೊಸ ಕ್ಯಾಲೆಂಡರಿನ ತಾರೀಖು. ನ್ಯೂಟನ್ ಅವರ ಡಿಸೆಂಬರ್ 25 ಹಳೆಯ ಕ್ಯಾಲೆಂಡರಿನದು. ಎರಡನ್ನೂ ಹೊಸದಕ್ಕೆ ತಂದರೆ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4ರಂದು. ಎರಡನ್ನೂ ಹಳೆಯದಕ್ಕೆ ಒಯ್ದರೆ ಗೆಲಿಲಿಯೋ ತೀರಿಕೊಂಡದ್ದು 1641ರ ಡಿಸೆಂಬರ್ 29ರಂದು. ಯಾವ ಲೆಕ್ಕ ಹಿಡಿದರೂ ಅವರಿಬ್ಬರ ವರ್ಷ ಒಂದೇ ಆಗುವುದಿಲ್ಲ. ಒಬ್ಬರ ತಾರೀಖನ್ನು ಒಂದು ಕ್ಯಾಲೆಂಡರಿನಿಂದ, ಇನ್ನೊಬ್ಬರದನ್ನು ಮತ್ತೊಂದರಿಂದ ತೆಗೆದರೆ ಮಾತ್ರ ಆಗುತ್ತದೆ. ನಿಜವಾದ ಅಂತರ 361 ದಿನ. ವರ್ಷದೊಳಗೇ ಆಯಿತಲ್ಲ ಎಂದು ಯಾರಾದರೂ ಹೇಳಬಹುದು, ಸರಿಯೇ. ಆದರೆ ಸಂದೇಶ ಹೇಳುತ್ತಿರುವುದು ಅದಲ್ಲ.

ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದೇ ತೀರಿಕೊಂಡರು ಎಂಬ ಮಾತೂ ಇದೇ ಜಾತಿಯದು. ಕಾಗದದ ಮೇಲೆ ತಾರೀಖು ಒಂದೇ, ನಡುವೆ ಕನಿಷ್ಠ ಹತ್ತು ದಿನದ ಅಂತರ.

ಜನ್ಮದಿನದ ಅಂಕಿ ಕೂಡಿಸಿ ಭವಿಷ್ಯ ಹೇಳುವವರಿಗೂ ನ್ಯೂಟನ್ ಕಷ್ಟದ ಗಿರಾಕಿ. 25-12-1642ರ ಅಂಕಿಗಳನ್ನೆಲ್ಲ ಕೂಡಿದರೆ 23, ಅಂದರೆ 5. 4-1-1643 ಎಂದು ಬರೆದರೆ 19, ಅಂದರೆ 10, ಕೊನೆಗೆ 1. ಮಗು ಅದೇ, ಹುಟ್ಟಿದ ಗಳಿಗೆಯೂ ಅದೇ. ಬದಲಾದದ್ದು ಗೋಡೆಯ ಮೇಲಿನ ಕ್ಯಾಲೆಂಡರ್ ಮಾತ್ರ. ಇಂಥ ಅಂಕಿ ನಂಬಿ ಹೆಸರಿನ ಸ್ಪೆಲ್ಲಿಂಗ್ ಬದಲಿಸಿಕೊಂಡರೆ ಒಂದಷ್ಟು ದುಡ್ಡು ಹೋದೀತು. ಆದರೆ ಒಳ್ಳೆಯ ತಾರೀಖು ಸಿಗಲಿ ಎಂದು ಸಿಸೇರಿಯನ್ ಹೆರಿಗೆಯನ್ನೇ ಮುಂಚಿತವಾಗಿ ಮಾಡಿಸುವವರೂ ನಮ್ಮ ನಡುವೆ ಇದ್ದಾರೆ. ವೈದ್ಯಕೀಯ ಕಾರಣವಿಲ್ಲದೆ 39 ವಾರ ತುಂಬುವ ಮೊದಲೇ ಹೀಗೆ ಮಾಡಿಸಿದರೆ ಮಗುವಿಗೆ ಉಸಿರಾಟದ ತೊಂದರೆಯಾಗುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಬಸುರಿ ಇದ್ದರೆ ಈ ಒಂದು ಸಾಲನ್ನು ಬೇಕಾದರೆ ಫಾರ್ವರ್ಡ್ ಮಾಡಿ.

ನ್ಯೂಟನ್‌ಗೆ ಮೂರು ವರ್ಷವಾದಾಗ ತಾಯಿ ಹ್ಯಾನಾ ಮರುಮದುವೆಯಾಗಿ ಬೇರೆ ಊರಿಗೆ ಹೋದರು. ಹುಡುಗ ಅಜ್ಜಿಯ ಬಳಿ ಬೆಳೆದ. 1661ರಲ್ಲಿ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು ಸೇರಿದರು. 1665ರಲ್ಲಿ ಪ್ಲೇಗ್ ಬಂದು ವಿಶ್ವವಿದ್ಯಾಲಯ ಮುಚ್ಚಿದಾಗ ಊರಿಗೆ ಮರಳಿ, ಗಣಿತ, ಬೆಳಕು, ಗುರುತ್ವಗಳ ಬಗ್ಗೆ ತಲೆ ಕೆಡಿಸಿಕೊಂಡರು. (ಸೇಬು ತಲೆಯ ಮೇಲೆ ಬೀಳಲಿಲ್ಲ. ಬೀಳುವುದನ್ನು ನೋಡಿ ಯೋಚನೆ ಬಂತು ಎಂದಷ್ಟೇ ಅವರು ಹೇಳಿದ್ದು.) 1669ರಲ್ಲಿ ಲುಕೇಸಿಯನ್ ಪ್ರಾಧ್ಯಾಪಕರಾದರು, 1687ರಲ್ಲಿ ಪ್ರಿನ್ಸಿಪಿಯಾ ಪ್ರಕಟಿಸಿದರು. 1696ರಿಂದ ಲಂಡನ್ನಿನ ಟಂಕಸಾಲೆಯಲ್ಲಿ ಅಧಿಕಾರಿಯಾಗಿ ಖೋಟಾ ನಾಣ್ಯದವರ ಬೆನ್ನು ಹತ್ತಿದರು.

ಇದರ ಜೊತೆಜೊತೆಗೇ ಅವರು ರಾಶಿರಾಶಿ ಕಾಗದ ಸವೆಸಿದ್ದು ಹಳೆಯ ಇಸವಿಗಳ ಮೇಲೆ. ಬೈಬಲ್ಲಿನ ದಾನಿಯೇಲನ ಭವಿಷ್ಯವಾಣಿಯ 1260 ದಿನಗಳನ್ನು 1260 ವರ್ಷ ಎಂದು ಹಿಡಿದು, ಕ್ರಿ.ಶ. 800ಕ್ಕೆ ಕೂಡಿಸಿ, 2060 ಎಂದು ಬರೆದಿಟ್ಟರು. ಆ ಹಸ್ತಪ್ರತಿ ಈಗ ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ನ್ಯೂಟನ್ 2060ಕ್ಕೆ ಪ್ರಳಯ ಎಂದಿದ್ದಾರೆ ಎಂಬ ಇನ್ನೊಂದು ಫಾರ್ವರ್ಡ್ ಹುಟ್ಟಿದ್ದು ಇಲ್ಲಿಂದಲೇ. ಅವರ ಉದ್ದೇಶ ಮಾತ್ರ ಬೇರೆ ಇತ್ತು. ಅಂತ್ಯ ಅದಕ್ಕಿಂತ ತಡವಾಗಿಯೂ ಆಗಬಹುದು, ಬೇಗ ಆಗಲು ಕಾರಣ ಕಾಣೆ, ಪದೇ ಪದೇ ದಿನ ಗೊತ್ತುಮಾಡುವವರ ಬಾಯಿ ಮುಚ್ಚಲಿ ಎಂದೇ ಬರೆಯುತ್ತಿದ್ದೇನೆ ಎಂಬುದು ಅವರ ವಿವರಣೆ. ಅಂದಹಾಗೆ ಕ್ರಿ.ಶ. 800ರಲ್ಲಿ ಚಾರ್ಲೆಮೇನ್‌ಗೆ ಸಾಮ್ರಾಟನ ಕಿರೀಟ ತೊಡಿಸಿದ ದಿನವೂ ಡಿಸೆಂಬರ್ 25. ಇದಿನ್ನೂ ನಮ್ಮ ಫೋನಿಗೆ ಬಂದಿಲ್ಲ.

ನಮಗೆ ಹೆಚ್ಚು ಹಿಡಿಸುವುದು ಅವರ ಇನ್ನೊಂದು ಲೆಕ್ಕ. ಪ್ರಾಚೀನ ರಾಜ್ಯಗಳ ಇತಿಹಾಸದಲ್ಲಿ ಒಬ್ಬೊಬ್ಬ ರಾಜನಿಗೂ ಸರಾಸರಿ ಮೂವತ್ತು ನಲವತ್ತು ವರ್ಷದ ಆಳ್ವಿಕೆ ಕೊಟ್ಟಿದ್ದರು. ನ್ಯೂಟನ್ ದಾಖಲೆ ಇರುವ ರಾಜರನ್ನು ಎಣಿಸಿ ನೋಡಿದರು. ಸರಾಸರಿ 18ರಿಂದ 20 ವರ್ಷ ಬಂತು. ಗ್ರೀಕ್ ಇತಿಹಾಸದಿಂದ ಶತಮಾನಗಳನ್ನೇ ಕತ್ತರಿಸಿದ ಅವರ ತೀರ್ಮಾನಗಳನ್ನು ಇತಿಹಾಸಕಾರರು ಇಂದು ಒಪ್ಪುವುದಿಲ್ಲ. ಆದರೆ ಸಾಮಾನ್ಯವಾಗಿ ಎಷ್ಟಿರುತ್ತದೆ ಎಂದು ಮೊದಲು ಎಣಿಸಿ ನೋಡುವ ಆ ಕ್ರಮ ಸರಿಯಾದದ್ದೇ.

ಅದೇ ಕ್ರಮವನ್ನು ಫಾರ್ವರ್ಡ್‌ಗೂ ಹಚ್ಚಬಹುದು. ಒಂದು ಕೋಣೆಯಲ್ಲಿ 23 ಜನ ಇದ್ದರೆ, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಹುಟ್ಟು ಸಾವು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 12 ಜನ ವಿಜ್ಞಾನಿಗಳು ಸಾಕು, 24 ತಾರೀಖು ಆಯಿತಲ್ಲ. ಅದರ ಮೇಲೆ ಅದೇ ವರ್ಷ, ನೂರು ವರ್ಷ, ಮುನ್ನೂರು ವರ್ಷ, ಅದೇ ವಯಸ್ಸು ಎಂದು ಹೊಂದಿಕೆಯ ಬಗೆಗಳನ್ನು ಬೆಳೆಸುತ್ತಾ ಹೋದರೆ ಏನೂ ಸಿಗದಿದ್ದರೇ ಅಚ್ಚರಿ. ಸಿಕ್ಕವು ಸಂದೇಶಕ್ಕೆ ಏರುತ್ತವೆ, ಸಿಗದವು ಯಾರಿಗೂ ಕಾಣುವುದಿಲ್ಲ.

ಕೆಲವೊಮ್ಮೆ ಹೊಂದಿಕೆಗೆ ನಿಜವಾದ ಕಾರಣವೂ ಇರುತ್ತದೆ. ನಮ್ಮ ಹಿರಿಯ ತಲೆಮಾರಿನಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಜನ ನೋಡಿ! ಅದು ಗ್ರಹಗತಿಯಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು.

ಹಾಕಿಂಗ್ ವಿಷಯದಲ್ಲಿ ಸಂದೇಶದ ತಾರೀಖುಗಳು ಸರಿ ಇವೆ. ಅವರು ಹುಟ್ಟಿದ್ದು 1942ರ ಜನವರಿ 8ರಂದು, ತೀರಿಕೊಂಡದ್ದು 2018ರ ಮಾರ್ಚ್ 14ರಂದು. ಆದರೆ ಗೆಲಿಲಿಯೋ ಜೊತೆಗಿನ ಹೊಂದಿಕೆಯನ್ನು ಹೇಳುವಾಗಲೆಲ್ಲ, ಅದೇ ದಿನ ಸುಮಾರು ಎರಡು ಲಕ್ಷ ಮಕ್ಕಳು ಹುಟ್ಟಿದ್ದರು ಎಂದು ಅವರೇ ನಗೆಯಾಡುತ್ತಿದ್ದರು.

ನ್ಯೂಟನ್ ತಮ್ಮ 84ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಹಳೆಯ ಲೆಕ್ಕದಲ್ಲಿ 1726ರ ಮಾರ್ಚ್ 20ರಂದು ತೀರಿಕೊಂಡರು. ಐದು ದಿನಕ್ಕೆ ಅಲ್ಲಿ ಹೊಸ ವರ್ಷ ಬಂತು. ಮಾರ್ಚ್ 28ರಂದು ಅವರ ದೇಹವನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ತರುವಾಗ 1727ನೇ ಇಸವಿ. ಇಂದಿನ ಲೆಕ್ಕದಲ್ಲಿ ಅವರು ತೀರಿಕೊಂಡದ್ದು 1727ರ ಮಾರ್ಚ್ 31ರಂದು. ಅಬ್ಬೆಯ ಸ್ಮಾರಕದ ಮೇಲೆ ರೋಮನ್ ಅಂಕಿಗಳಲ್ಲಿ ಇರುವುದು 1726. ಯಾರಾದರೂ ಅದರ ಫೋಟೋ ಹಾಕಿ, ಪುಸ್ತಕಗಳಲ್ಲೆಲ್ಲ 1727 ಎಂದಿದೆ, ಏನೋ ಮುಚ್ಚಿಡುತ್ತಿದ್ದಾರೆ ಎಂದು ಕಳಿಸಿದರೆ ಮಾರ್ಚ್ 25ರ ಹೊಸ ವರ್ಷದ ಕಥೆ ಹೇಳಿ.