ಏಳು ಬೀಜ ತಂದ ಬಾಬಾ ಬುಡನ್

ಚಿಕ್ಕಮಗಳೂರು ಸೀಮೆಯ ಈ ಚಂದ್ರದ್ರೋಣ ಗಿರಿಯಲ್ಲಿ 17ನೇ ಶತಮಾನದಲ್ಲಿ ನೆಲೆಸಿದ್ದ ಸೂಫಿ ಸಂತರು ಬಾಬಾ ಬುಡನ್. ಗಿರಿಗೆ ಅವರದೇ ಹೆಸರು. ಇಲ್ಲಿಯ ಗುಹೆಗೆ ಹಿಂದೂಗಳೂ ಮುಸ್ಲಿಮರೂ ಬಂದು ಕೈಮುಗಿಯುತ್ತಾರೆ.

ಬಾಬಾ ಹಜ್ ಯಾತ್ರೆ ಮುಗಿಸಿ ಬರುವಾಗ ಯೆಮೆನ್ ದೇಶದ ಮೋಖಾ ಬಂದರಿನಲ್ಲಿ ಕಾಫಿಯ ರುಚಿ ಕಂಡರಂತೆ. ಆಗ ಅರಬರು ಮೊಳಕೆಯೊಡೆಯುವ ಬೀಜವನ್ನು ಹೊರಗೆ ಬಿಡುತ್ತಿರಲಿಲ್ಲ; ಬೇಯಿಸಿ ಇಲ್ಲವೇ ಹುರಿದೇ ಮಾರುತ್ತಿದ್ದರು. ಸಿಕ್ಕಿಬಿದ್ದರೆ ಕಷ್ಟ. ಆದರೂ ಬಾಬಾ ಏಳೇ ಏಳು ಹಸಿ ಬೀಜ ಸೊಂಟಕ್ಕೆ ಕಟ್ಟಿಕೊಂಡು, ಸಮುದ್ರ ದಾಟಿ, 1670ರ ಸುಮಾರಿಗೆ ಈ ಬೆಟ್ಟದಲ್ಲಿ ಬಿತ್ತಿದರೆಂಬುದು ಪ್ರತೀತಿ. ಮುಂದೆ 19ನೇ ಶತಮಾನದಲ್ಲಿ ಸುತ್ತೆಲ್ಲ ದೊಡ್ಡ ದೊಡ್ಡ ಕಾಫಿ ತೋಟಗಳೆದ್ದವು.

ಬೆಳಗಾವಿ, ಖಾನಾಪುರದಿಂದ ರೈಲು ಹತ್ತಿ ಬೀರೂರು, ಕಡೂರಿನಲ್ಲಿ ಇಳಿದು ಬರುವ ಭಕ್ತರು ಊರಿಗೆ ಕಾಫಿಪುಡಿ ಒಯ್ಯುವುದುಂಟು. ಆ ಕಡೆ ಮನೆಮನೆಯಲ್ಲೂ ಚಹಾದ್ದೇ ರೂಢಿ. ಮಷೀನ್ ಇಲ್ಲವಲ್ಲಾ, ಕಾಫಿ ಹೆಂಗ ಮಾಡೂದು ಅಂತ ಚಿಂತಿಸಬೇಡಿ. ಬಾಬಾರ ಕಾಲದಲ್ಲಿ ಮಷೀನ್ ಎಲ್ಲಿತ್ತು?

ಒಂದು ಲೋಟ ನೀರು ಚೆನ್ನಾಗಿ ಕುದಿಸಿ ಒಲೆಯಿಂದ ಇಳಿಸಿ. ಎರಡು ದೊಡ್ಡ ಚಮಚ ಪುಡಿ ಹಾಕಿ, ಒಮ್ಮೆ ಕಲಕಿ, ಮುಚ್ಚಳ ಮುಚ್ಚಿ. ಪುಡಿ ಹಾಕಿದ ಮೇಲೆ ಮತ್ತೆ ಕುದಿಸಬಾರದು, ಕಹಿಯಾಗುತ್ತದೆ. ಐದು ನಿಮಿಷದಲ್ಲಿ ಪುಡಿ ತಳಕ್ಕಿಳಿಯುತ್ತದೆ. ಶುಭ್ರ ಬಟ್ಟೆಯಲ್ಲಿ ಸೋಸಿ, ಬಿಸಿ ಹಾಲು, ಬೆಲ್ಲವೋ ಸಕ್ಕರೆಯೋ ಬೆರೆಸಿ.

ಮೊದಲ ಲೋಟ ಮನೆಗೆ ಬಂದವರಿಗೆ ಕೊಡಿ. ಕುಡಿಯುವಾಗ ಆ ಏಳು ಬೀಜಗಳ ನೆನಪಿರಲಿ.