ಗಣಿತಶಿರೋಮಣಿ ಭಾಸ್ಕರಾಚಾರ್ಯರು

ಕಾರವಾರ, ಅಂಕೋಲೆಗಳ ಮೂಡಲಿಗೆ ಕೋಟೆಯಂತೆ ನಿಂತಿರುವ ಸಹ್ಯಾದ್ರಿಯು ಉತ್ತರಕ್ಕೆ ಖಾನದೇಶದ ಗಡಿಯವರೆಗೂ ಹಬ್ಬಿದೆ. ಅದೇ ಗಿರಿಶ್ರೇಣಿಯನ್ನು ಆಶ್ರಯಿಸಿದ ವಿಜ್ಜಡವಿಡವು ತಮ್ಮ ತಂದೆ ಮಹೇಶ್ವರರ ಊರೆಂದು ಭಾಸ್ಕರಾಚಾರ್ಯರು ಬರೆದಿದ್ದಾರೆ. ಅದು ವಿಜಯಪುರವೆಂದು ಅನೇಕ ಕನ್ನಡಿಗರ ನಂಬಿಕೆ. ಖಾನದೇಶದ ಕಡೆಯದೆಂದು ಬೇರೆ ವಿದ್ವಾಂಸರ ಮತ. ಆಚಾರ್ಯರ ಜನನ ಶಕ 1036, ಅಂದರೆ ಕ್ರಿ.ಶ. 1114. ತಂದೆಯೇ ಅವರಿಗೆ ವಿದ್ಯಾಗುರು.

ಬಸವಾದಿ ಶರಣರನ್ನು ಕಂಡ ಆ ಶತಮಾನದಲ್ಲಿಯೇ, 1150ರಲ್ಲಿ, ತಮ್ಮ 36ನೆಯ ವಯಸ್ಸಿಗೆ ಅವರು ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಅದರ ಗಣಿತಭಾಗವೇ ಲೀಲಾವತಿ. ಅದರಲ್ಲಿ ಅಂಕಪಾಶವೆಂಬ ಪ್ರಕರಣವು ಇಂದು ಶಾಲೆಗಳಲ್ಲಿ ಕಲಿಸುವ ಕ್ರಮಯೋಜನೆಯ ಪಾಠವೇ ಆಗಿದೆ. ಶಿವನ ಹತ್ತು ಕೈಗಳಲ್ಲಿ ಹತ್ತು ಆಯುಧಗಳನ್ನು ಅದಲುಬದಲಾಗಿ ಇರಿಸಿದರೆ ಎಷ್ಟು ಮೂರ್ತಿಭೇದಗಳು? ಒಂದರಿಂದ ಹತ್ತರವರೆಗೆ ಗುಣಿಸಿದರೆ ಉತ್ತರ 36,28,800. ವಿಷ್ಣುವಿನ ನಾಲ್ಕು ಕೈಗಳಿಗಾದರೆ 24.

ಎಲ್ಲವನ್ನೂ ಜೋಡಿಸದೆ ಕೆಲವನ್ನಷ್ಟೇ ಆಯ್ದು ಸಾಲಾಗಿ ಇಡುವ ಲೆಕ್ಕವೂ ಅಲ್ಲಿದೆ. ಸೊನ್ನೆಯನ್ನು ಬಿಟ್ಟು, ಯಾವ ಅಂಕವೂ ಮರುಕಳಿಸದಂತೆ, ಆರು ಸ್ಥಾನಗಳ ಸಂಖ್ಯೆಗಳೆಷ್ಟು? ಮೊದಲ ಸ್ಥಾನಕ್ಕೆ ಒಂಬತ್ತು ಅವಕಾಶ, ಮುಂದಿನದಕ್ಕೆ ಎಂಟು. ಹೀಗೆ ಒಂದೊಂದು ಇಳಿಯುತ್ತ ನಾಲ್ಕರವರೆಗೆ ಗುಣಿಸಿದರೆ 60,480. ಅಂಕೋಲೆಯ ಶಾಲೆಯೊಂದರಲ್ಲಿ ಒಂಬತ್ತು ಮಕ್ಕಳು ಓಡಿ, ಮೊದಲ ಮೂರು ಬಹುಮಾನಗಳು ಹಂಚಿಹೋಗುವ ಬಗೆಗಳನ್ನೂ ಇದೇ ಸೂತ್ರ ಎಣಿಸುತ್ತದೆ: ಒಂಬತ್ತು, ಎಂಟು, ಏಳರ ಗುಣಲಬ್ಧ 504. ಕಾರವಾರದ ಸ್ಪರ್ಧೆಗೆ ಆ ಒಂಬತ್ತರಲ್ಲಿ ಮೂವರನ್ನು ಕಳುಹಿಸುವುದಷ್ಟೇ ಆದರೆ ಹಿಂದುಮುಂದಿನ ಎಣಿಕೆ ಬೇಕಿಲ್ಲ. ಬಗೆಗಳು 84 ಮಾತ್ರ. ಇಂಥ ಕ್ರಮರಹಿತ ಆಯ್ಕೆಯ ಸೂತ್ರವನ್ನು ಮೂರು ಶತಮಾನಗಳ ಮೊದಲೇ ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರಾಚಾರ್ಯರು ಕೊಟ್ಟಿದ್ದರು.

ಭಾಸ್ಕರರು ವೃದ್ಧಾಪ್ಯದಲ್ಲಿಯೂ ಲೇಖನಿಯನ್ನು ಕೆಳಗಿಡಲಿಲ್ಲ. ಕರಣಕುತೂಹಲವು 1183ರ ಕೃತಿ. ಆದರೆ ಗ್ರಂಥವೊಂದು ತಾನಾಗಿ ಬಾಳದು, ಓದಿಸುವವರು ಬೇಕು. ಯಾದವ ದೊರೆ ಸಿಂಘಣನ ಆಸ್ಥಾನ ಜ್ಯೋತಿಷಿಯಾದ ಮೊಮ್ಮಗ ಚಾಂಗದೇವರು ಖಾನದೇಶದ ಪಾಟಣದಲ್ಲಿ, ಅಜ್ಜನ ಗ್ರಂಥಗಳ ಬೋಧನೆಗೆಂದೇ ಮಠವೊಂದನ್ನು ಸ್ಥಾಪಿಸಿದರು. ಅದಕ್ಕೆ ನಿಕುಂಭ ಮನೆತನದ ಅರಸರು 1207ರಲ್ಲಿ ದತ್ತಿಯಿತ್ತ ಸಂಗತಿಯನ್ನು ಅಲ್ಲಿಯ ಶಿಲಾಶಾಸನ ಸಾರುತ್ತದೆ. ಆಚಾರ್ಯನ ಬುದ್ಧಿ, ಮಠದ ಆಶ್ರಯ, ದಾನಿಗಳ ಔದಾರ್ಯ ಒಂದರ ಹಿಂದೊಂದು ಕೂಡಿಬಂದುದರಿಂದ ಆ ವಿದ್ಯೆಯು ತಲೆಮಾರುಗಳಿಗೆ ಸಂದಿತು.